ಕಲ್ಲು ಕಟ್ಟದ ಶಾವಿಗೆ ಒರಳು

ಬಹಳ ಹಿಂದೆ, ಹೊಂಗೆಮರಕ್ಕೆ ಇನ್ನೂ ಯಾರೂ ಹೊಂಗೆಮರ ಅಂತ ಹೆಸರಿಟ್ಟಿರದ ಕಾಲದಲ್ಲಿ, ಕೋಳಿ ಕೂಗಿ ಅಪ್ಪಣೆ ಕೊಟ್ಟ ಮೇಲೆಯೇ ಸೂರ್ಯ ಹುಟ್ಟುತ್ತಿದ್ದ ಕಾಲದಲ್ಲಿ, ಒಂದೂರಿತ್ತಂತೆ. ಆ ಊರಿಗೆ ಮೂರು ದಾರಿ ಬಂದು ಸೇರುತ್ತಿದ್ದವಂತೆ. ದಾರಿ ಸೇರುವ ಕಡೆ ಒಂದು ಕಟ್ಟೆ, ಕಟ್ಟೆಯ ಪಕ್ಕ ಒಂದು ಬೀದಿ, ಬೀದಿಯಲ್ಲಿ ಒಂದು ಅಂಗಡಿ, ಅಂಗಡಿಯಲ್ಲಿ ಒಂದು ಒಲೆ, ಒಲೆಯ ಮೇಲೆ ಒಂದು ಮಡಕೆ, ಮಡಕೆಯಲ್ಲಿ ಕೋಳಿ ಸಾರು.

ಊರು ಬೇರೆ ಯಾವುದೂ ಅಲ್ಲ ಅಳಿಯಂದ್ರೇ, ನೀವೀಗ ಕೂತಿರುವ ಈ ಹೊಂಗೆಕಟ್ಟೆಯೇ. ಬೀದಿ ಇದೇ ಗಾಡಿಬೀದಿ. ಅಂಗಡಿಯೂ ಇದೇ. ಬೆಂಚು ಮಾತ್ರ ಹೊಸದು. ಹಳೇ ಬೆಂಚು ನನ್ನ ಕೆಳಗೆ ಮುರಿದುಬಿತ್ತು, ಅದರ ಪುಣ್ಯ ದೊಡ್ಡದು.

ಇಷ್ಟೊಂದು ಜನ ಕಾಯುತ್ತಿದ್ದಾರೆ, ಶಾವಿಗೆ ಒತ್ತಲು ಒಂದು ಮೆಷಿನ್ ತಂದು ಇಡಬಾರದೇ ಅಂತ ಈಗ ತಾನೇ ಕೇಳಿದಿರಲ್ಲ? ಸದ್ಯ, ಮೆಲ್ಲಗೆ ಕೇಳಿದಿರಿ. ಜೋರಾಗಿ ಕೇಳಿದ್ದರೆ ಇಂಥವರಿಗೆ ನಮ್ಮೂರ ಹೆಣ್ಣು ಕೊಟ್ಟದ್ದು ಯಾರು ಅಂತ ಈ ಬೀದಿಯವರು ನನ್ನ ಕುತ್ತಿಗೆ ಹಿಡಿಯುತ್ತಿದ್ದರು. ನಮಗಿಂತ ಮುಂದೆ ಇನ್ನೂ ಏಳು ಜನ ಇದ್ದಾರೆ. ಅಷ್ಟರೊಳಗೆ ಹೇಳಿ ಮುಗಿಸುತ್ತೇನೆ. ಈ ಚಿಕ್ಕಮಾವ ಸುಳ್ಳು ಹೇಳುವವನಲ್ಲ. ಜೀವಮಾನದಲ್ಲಿ ಒಂದೇ ಒಂದು ಸುಳ್ಳು ಹೇಳಿದ್ದೇನೆ, ಅದನ್ನು ಈಗ ತಾನೇ ನೀವು ಕೇಳಿಸಿಕೊಂಡಿರಿ.

ಅಂಗಡಿಯವಳ ಹೆಸರು ದೇವೀರಮ್ಮ. ಅಂಗಡಿ ಅಂದರೆ ಬೋರ್ಡಿಲ್ಲ, ಗಲ್ಲಾಪೆಟ್ಟಿಗೆ ಇಲ್ಲ. ಮಣ್ಣಿನ ಗೋಡೆ, ಹಂಚಿನ ಮಾಡು. ನಡುವೆ ಆಳೆತ್ತರದ ಒಂದು ಅಡ್ಡಗೋಡೆ. ಗೋಡೆಯ ಆಚೆ ಒಲೆ ಮತ್ತು ದೇವೀರಮ್ಮ, ಈಚೆ ಉಣ್ಣುವವರು. ಎಲೆ ಕೊಡುವುದಕ್ಕೆ ಗೋಡೆಯಲ್ಲಿ ಒಂದು ಕಿಂಡಿ. ಸಿಗುತ್ತಿದ್ದ ಊಟವೂ ಒಂದೇ. ಮುತ್ತುಗದ ಎಲೆಯ ಮೇಲೆ ಹಬೆಯಾಡುವ ಒತ್ತು ಶಾವಿಗೆ, ಅದರ ಮೇಲೆ ಒಂದು ಸೌಟು ಕೋಳಿ ಸಾರು, ಪಕ್ಕದಲ್ಲಿ ಕುಡಿಯುವುದಕ್ಕೆ ಅಂತ ದೊನ್ನೆ ತುಂಬ ಮತ್ತೆ ಸಾರು. ಬೇರೇನು ಇದೆ ಅಂತ ಕೇಳಿದರೆ, ಬಾಗಿಲಿದೆ ಅನ್ನುತ್ತಿದ್ದಳಂತೆ.

ಆ ಸಾರಿನ ವಿಷಯ ಹೇಗೆ ಹೇಳಲಿ? ನಾಟಿ ಹುಂಜಕ್ಕೆ ಅರಿಶಿನ ಹಚ್ಚಿ ಬೆಂಕಿಯಲ್ಲಿ ಸುಟ್ಟು, ತುಂಡು ಮಾಡಿ, ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಕೊತ್ತಂಬರಿ ಬೀಜ, ಗಸಗಸೆ ಅರೆದು ಹಾಕಿ, ಮೂಳೆ ತನ್ನೊಳಗಿನದ್ದನ್ನೆಲ್ಲ ಒಪ್ಪಿಸುವ ತನಕ ಕುದಿಸುತ್ತಿದ್ದಳು. ನಿನ್ನೆಯ ಸಾರಿನಲ್ಲಿ ಒಂದು ಸೌಟು ಉಳಿಸಿ ಇವತ್ತಿನ ಮಡಕೆಗೆ ಹಾಕುತ್ತಿದ್ದಳು. ಹಾಗಾಗಿ ಆ ಮಡಕೆಯಲ್ಲಿ ಮೊದಲ ದಿನದ ಸಾರು ಕೊನೆಯ ತನಕ ಇದ್ದೇ ಇತ್ತು ಅಂತಾರೆ. ಅಂಗಡಿಯ ಮುಂದೆ ಬಂದ ಎತ್ತುಗಳು ತಾವು ಹುಲ್ಲು ತಿನ್ನುವವು ಅನ್ನುವುದನ್ನೇ ಮರೆತು ನಿಂತುಬಿಡುತ್ತಿದ್ದವಂತೆ. ಒಮ್ಮೆ ಒಬ್ಬ ಮುದುಕನನ್ನು ಚಟ್ಟದ ಮೇಲೆ ಹೊತ್ತುಕೊಂಡು ಹೋಗುವವರು ಹೆಗಲು ಬದಲಿಸಲು ಇಲ್ಲಿ ಇಳಿಸಿದರೆ, ಹೆಣ ಎದ್ದು ಕೂತು, ಮೆಣಸು ಇನ್ನೊಂದು ಚೂರು ಮುಂದಿರಬೇಕಿತ್ತು ಅಂದಿತಂತೆ. ಆ ಮುದುಕ ಇನ್ನೂ ಎಂಟು ವರ್ಷ ಬದುಕಿದ. ಅವನ ಸೊಸೆಯರು ಮಾತ್ರ ದೇವೀರಮ್ಮನ ಹತ್ತಿರ ಮಾತು ಬಿಟ್ಟರು. ನಾನು ಹೇಳಿದ್ದಲ್ಲ, ಊರು ಹೇಳಿದ್ದು. ಊರೇ ಹೇಳಿದ ಮೇಲೆ ಇಲ್ಲ ಅನ್ನೋಕೆ ನಾನ್ಯಾರು?

ಪಕ್ಕದ ಮನೆ ಕಮ್ಮಾರ ಮುದ್ದಾಚಾರಿಯದು. ಅವನು ಕೋಳಿ ಮುಟ್ಟುವವನಲ್ಲ. ಆದರೆ ಮಧ್ಯಾಹ್ನ ಸರಿಯಾಗಿ ಈ ಕಡೆಯ ಕಿಟಕಿ ತೆರೆದಿಟ್ಟು ತನ್ನ ಮುದ್ದೆ ಸೊಪ್ಪಿನ ಸಾರು ಉಣ್ಣುತ್ತಿದ್ದನಂತೆ. ಏನಾಚಾರಿ ಇದು ಅಂದರೆ, ವಾಸನೆಗೇನಪ್ಪ ಮಡಿ ಮೈಲಿಗೆ ಅನ್ನುತ್ತಿದ್ದನಂತೆ.

ಇನ್ನು ಶಾವಿಗೆ. ನೋಡಿ, ಕಿಂಡಿಯೊಳಗೆ ಕಾಣುತ್ತಿದೆಯಲ್ಲ, ಆ ಮರದ ಒರಳು ಗೋಡೆಯ ಆಚೆ ಇದೆ. ಅದರ ತಳದಲ್ಲಿ ತೂತಿನ ತಟ್ಟೆ. ಮೇಲೆ ಬೆಂದ ಹಿಟ್ಟಿನ ಉಂಡೆ ಇಡಬೇಕು. ಉಂಡೆಯನ್ನು ಅದುಮುವ ಉದ್ದನೆಯ ಮರದ ತೊಲೆ, ಸನ್ನೆ ಅಂತೀವಿ, ಅದು ಗೋಡೆಯ ಸಂದಿನಿಂದ ಈಚೆಗೆ ಬಂದಿದೆ. ಈಚೆ ತುದಿಯ ಮೇಲೆ ಒಬ್ಬರು ಭಾರ ಬಿಟ್ಟು ಕೂರಬೇಕು. ಆಗ ಆಚೆ ಎಳೆ ಇಳಿಯುತ್ತದೆ. ಒಳಗಿನವಳಿಗೆ ಕೂತವರ ಮುಖ ಕಾಣುವುದಿಲ್ಲ. ಕೂತವರಿಗೆ ಅವಳ ಕೈ ಕಾಣುವುದಿಲ್ಲ. ಬಿಸಿ ಆರುವ ಮುಂಚೆ ಒತ್ತಬೇಕು, ಆರಿದ ಹಿಟ್ಟನ್ನು ಭೀಮ ಬಂದು ಕೂತರೂ ಒತ್ತಲಾಗದು.

ಆ ತುದಿಯಲ್ಲಿ ಕೂರುತ್ತಿದ್ದವನು ದೇವೀರಮ್ಮನ ಗಂಡ ಕೆಂಚಣ್ಣ. ಎಂಥ ಆಳು ಅಂತೀರಿ! ಅವನು ಸ್ನಾನಕ್ಕೆ ಇಳಿದರೆ ಕೆರೆ ಕೋಡಿ ಬೀಳುತ್ತಿತ್ತಂತೆ. ಅವನು ಉಸಿರು ಹಿಡಿದು ಒಮ್ಮೆ ಕೂತರೆ ಶಾವಿಗೆ ತುಂಡಾಗದೆ ಒಂದೇ ಎಳೆಯಾಗಿ ಇಳಿಯುತ್ತಿತ್ತು. ಅದರ ತುದಿ ಹಿಡಿದು ಉಣ್ಣಲು ಶುರು ಮಾಡಿದ ಒಬ್ಬ ಗಾಡಿಯವನು ಇನ್ನೊಂದು ತುದಿ ಸಿಗದೆ, ಬಾಯಲ್ಲಿ ಎಳೆ ಇಟ್ಟುಕೊಂಡೇ ಮುಂದಿನ ಊರು ಸೇರಿದನಂತೆ. ಕೆಂಚಣ್ಣನ ತೂಕದಷ್ಟೇ ದೊಡ್ಡದು ಅವನ ಮಾತು. ಮೂರು ದಾರಿಯ ಸುದ್ದಿಯೂ ಅವನ ಕಿವಿಗೆ ಬಂದೇ ಮುಂದಕ್ಕೆ ಹೋಗಬೇಕು. ಅವನು ಮಾತಿಗೆ ಕೂತರೆ ಕೂತ, ಎದ್ದರೆ ಎದ್ದ.

ಇಬ್ಬರಿಗೂ ಮಕ್ಕಳಿರಲಿಲ್ಲ. ಒಂದು ಪದ್ಧತಿ ಇತ್ತು. ಮಧ್ಯಾಹ್ನದ ಜನ ಕರಗಿದ ಮೇಲೆ ಕೆಂಚಣ್ಣ ಮೊದಲು ಉಣ್ಣುವುದು, ಅದೇ ಎಲೆಯಲ್ಲಿ ದೇವೀರಮ್ಮ ಆಮೇಲೆ ಉಣ್ಣುವುದು. ಅವಳಿಗೆ ಕೋಳಿಯ ಕತ್ತಿನ ತುಂಡು ಅಂದರೆ ಪ್ರಾಣ. ಒಂದು ಕೋಳಿಗೆ ಇರುವುದು ಒಂದೇ ಕತ್ತು, ಸೌಟು ಯಾರಿಗೆ ಕೊಟ್ಟರೆ ಅವರಿಗೆ. ಅದು ಕೆಂಚಣ್ಣನ ಪಾಲಿಗೆ ಬಂದರೆ ಅವನು ಮುಟ್ಟುತ್ತಿರಲಿಲ್ಲ. ಎಲೆಯ ಒಂದು ಮಗ್ಗುಲಲ್ಲಿ ಇಟ್ಟು, ನೊಣ ಕೂರದಂತೆ ನಾಲ್ಕೂ ಕಡೆಯಿಂದ ಎಲೆ ಮಡಚಿ, ಗಾಳಿಗೆ ಬಿಚ್ಚದಂತೆ ಮೇಲೊಂದು ಬೆಣಚುಕಲ್ಲು ಇಡುತ್ತಿದ್ದ. ಒಲೆ ಕೆಲಸ ಮುಗಿಸಿ ಬಂದು ಅವಳು ಕಲ್ಲು ತೆಗೆದು, ಎಲೆ ಬಿಚ್ಚಿ, ಕತ್ತು ಚೀಪುತ್ತಾ ಅವತ್ತಿನ ಸುದ್ದಿಯೆಲ್ಲ ಕೇಳುತ್ತಿದ್ದಳು. ಇದನ್ನು ಇಡೀ ಬೀದಿ ನೋಡಿತ್ತು.

ಈ ಬೆಣಚುಕಲ್ಲನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಿ ಅಳಿಯಂದ್ರೇ. ಐದು ಜನ ಉಳಿದರು ನಮ್ಮ ಮುಂದೆ.

ಒಂದು ದಿನ ಮೂರೂ ದಾರಿಯ ಗಾಡಿಗಳು ಒಟ್ಟಿಗೆ ಬಂದು ಬಿಟ್ಟವಂತೆ. ಕೂರಲು ಜಾಗವಿಲ್ಲ, ನಿಲ್ಲಲು ಜಾಗವಿಲ್ಲ. ದೇವೀರಮ್ಮ ಉಂಡೆ ಇಟ್ಟು ಕೂಗುತ್ತಾಳೆ, ಕೆಂಚಣ್ಣ ಯಾವುದೋ ಊರಿನ ಯಾರದೋ ಮದುವೆಯಲ್ಲಿ ನಡೆದ ಜಗಳ ಕೇಳುತ್ತಾ ಮೈಮರೆತಿದ್ದಾನೆ. ಒಂದು ಉಂಡೆ ಆರಿತು. ಎರಡು ಉಂಡೆ ಆರಿತು. ಮೂರನೆಯದೂ ಆರಿದಾಗ ಅವಳು ಕಿಂಡಿಗೆ ಬಾಯಿಟ್ಟು, ಅಷ್ಟೂ ಜನರ ಎದುರಿಗೆ, ಕೂಗಿಬಿಟ್ಟಳು:

"ನೀನು ಮಾಡೋ ಕೆಲ್ಸಕ್ಕೆ ಗುಂಡುಕಲ್ ಕಟ್ಟಿದ್ರೂ ಆಯ್ತದೆ ಕಣೋ! ಅದಕ್ಕೆ ಊಟನಾದ್ರೂ ಬೇಕಾಗಿಲ್ಲ!"

ಜನ ನಕ್ಕರು. ಗಾಡಿಯವರು ತೊಡೆ ತಟ್ಟಿಕೊಂಡು ನಕ್ಕರು. ಕೆಂಚಣ್ಣನೂ ನಕ್ಕನಂತೆ. ನಕ್ಕು, ಎದ್ದು ಬಂದು, ಸನ್ನೆಯ ಮೇಲೆ ಕೂತ. ಅವತ್ತು ಬೆಂದಿದ್ದ ಹಿಟ್ಟನ್ನೆಲ್ಲ ಒಂದು ಮಾತೂ ಆಡದೆ ಒತ್ತಿದ. ಅವನು ಮಾತಾಡದೆ ಒತ್ತಿದ್ದು ಅದೇ ಮೊದಲು. ಕೊನೆಯ ಉಂಡೆ ಇಳಿದ ಮೇಲೆ ಹೆಗಲ ವಸ್ತ್ರ ಕೊಡವಿ, "ಹಂಗಾದ್ರೆ ಕಲ್ಲೇ ಕಟ್ಕೊ ದೇವೀರಿ" ಅಂದು ಹೊರಟ. ಬಯಲಿಗೋ ಕೆರೆಗೋ ಹೋಗಿರಬೇಕು ಅಂದುಕೊಂಡರು. ಗಾಡಿಯೊಂದರ ಹಿಂದೆ ನಡೆದುಕೊಂಡು ಹೋದದ್ದನ್ನು ಯಾರೋ ನೋಡಿದರಂತೆ. ಯಾವ ದಾರಿಯಲ್ಲಿ ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ದಾರಿ ತೋರಿಸಿದರಂತೆ.

ದೇವೀರಮ್ಮ ಆ ಸಂಜೆ ಎಲೆ ಹಾಕಿಕೊಂಡು ಕಾದಳು. ಮರುದಿನವೂ ಕಾದಳು.

ಮೂರನೆಯ ದಿನ ಮುದ್ದಾಚಾರಿ ಒಂದು ಒಳ್ಳೇ ಗುಂಡುಕಲ್ಲು ಉರುಳಿಸಿಕೊಂಡು ಬಂದನಂತೆ, ಸದ್ಯಕ್ಕೆ ಇದನ್ನಾದರೂ ಸನ್ನೆಗೆ ಕಟ್ಟಿಕೊಳ್ಳಮ್ಮ, ಜನ ಹಸಿದು ಕೂತಿದ್ದಾರೆ ಅಂತ. ಅವಳು ಆ ಕಲ್ಲನ್ನು ನೋಡಿದ ರೀತಿಗೆ ಆಚಾರಿ ಅದನ್ನು ಬಂದ ದಾರಿಯಲ್ಲೇ ವಾಪಸ್ ಉರುಳಿಸಿಕೊಂಡು ಹೋದ. ಅವತ್ತು ಅವಳು ಕಿಂಡಿಯಲ್ಲಿ ತಲೆಯಿಟ್ಟು ಹೇಳಿದಳಂತೆ, ನನ್ನ ಒರಳಿಗೆ ಕಲ್ಲು ಕಟ್ಟುವುದಿಲ್ಲ. ಆಳನ್ನೂ ಇಟ್ಟುಕೊಳ್ಳುವುದಿಲ್ಲ. ಆ ಜಾಗದಲ್ಲಿ ಮನುಷ್ಯರೇ ಕೂರಬೇಕು, ಕೂತವರು ಏಳಬೇಕು. ಅವನು ಬಂದಾಗ ಜಾಗ ಖಾಲಿ ಇರಬೇಕು.

ಹಾಗೆ ಶುರುವಾಯಿತು ಈ ಸರದಿ. ಬಂದವರು ತಮ್ಮ ಶಾವಿಗೆ ತಾವೇ ಒತ್ತಿಕೊಳ್ಳುವುದಲ್ಲ. ಮೊದಲೆರಡು ದಿನ ಹಾಗೆ ಮಾಡಿ ನೋಡಿದರು, ಒಬ್ಬೊಬ್ಬನೂ ತನ್ನ ಎಲೆಗೆ ಅಂತ ಹೊಟ್ಟೆಯ ಜೊತೆ ಬೆನ್ನನ್ನೂ ಹೇರಿ ಒತ್ತಿದ. ದೇವೀರಮ್ಮ ಬದಲಿಸಿದಳು. ನೀನು ಉಂಡ ಮೇಲೆ, ನಿನ್ನ ಹಿಂದೆ ಬರುವವರಿಗೆ ಒತ್ತಿ ಹೋಗು. ಅಷ್ಟೇ. ಹಿಂದೆ ಬರುವವರು ಯಾರಾದರೂ ಆಗಬಹುದು. ಬದುವಿನ ಜಗಳದಲ್ಲಿ ಏಳು ವರ್ಷ ಮಾತು ಬಿಟ್ಟಿದ್ದ ಇಬ್ಬರು ದಾಯಾದಿಗಳು ಹೀಗೇ ಒಬ್ಬರ ಹಿಂದೆ ಒಬ್ಬರು ಬಂದುಬಿಟ್ಟರಂತೆ. ಮೊದಲು ಬಂದಿದ್ದ ತಮ್ಮ ಸನ್ನೆಯ ಮೇಲೆ ಅರ್ಧ ಕುಂಡೆ ಊರಿ ಕೂತ. ಒಳಗೆ ಎಳೆ ತುಂಡು ತುಂಡಾಗಿ ಬಿತ್ತು. ದೇವೀರಮ್ಮ ಆ ತುಂಡಿನ ಎಲೆಯನ್ನು ಅವನ ಕೈಗೇ ಕೊಟ್ಟು, ನೀನೇ ಕೊಟ್ಟು ಬಾ ಅಂದಳಂತೆ. ಅಣ್ಣನ ಮುಖ ನೋಡಿ ಎಲೆ ಕೊಡುವುದಕ್ಕಿಂತ ಮತ್ತೆ ಪೂರ್ತಿ ಕೂರುವುದೇ ವಾಸಿ ಅಂತ ಅವನು ವಾಪಸ್ ಬಂದು ಕೂತ. ಬದುವಿನ ಜಗಳ ಬಗೆಹರಿಯಿತೇ ಅಂತ ಕೇಳಬೇಡಿ. ಅಷ್ಟೊಂದು ಸುಳ್ಳು ನನಗೂ ಹೇಳಲು ಬರುವುದಿಲ್ಲ.

ಬೆಳಗಿನ ಮೊದಲ ಎಲೆಗೆ ಯಾರು ಒತ್ತುವುದು? ಅದಕ್ಕೆ ದೇವೀರಮ್ಮನೇ ಈಚೆ ಬಂದು ಸನ್ನೆಗೆ ಜೋತು ಬೀಳುತ್ತಿದ್ದಳು. ಒಣಗಿದ ಹೆಂಗಸು, ತೂಕವೆಲ್ಲಿ? ಮೂರು ಸಲ ಹಾರಿ ಕೂತರೆ ಗೇಣುದ್ದದ ಎಳೆ. ಆ ಗಿಡ್ಡ ಶಾವಿಗೆಗೆ ಊರಿನವರು ಪ್ರಸಾದಕ್ಕೆ ಬಂದ ಹಾಗೆ ಬೆಳಗ್ಗೆಯೇ ಬಂದು ಕೂರುತ್ತಿದ್ದರಂತೆ. ದಿನದ ಕೊನೆಯವನು ಯಾರಿಗೆ ಒತ್ತುವುದು? ಅವನ ಹಿಂದೆ ಯಾರೂ ಇರುವುದಿಲ್ಲವಲ್ಲ. ಅವನು ಒತ್ತಿದ್ದು ಕೆಂಚಣ್ಣನಿಗೆ. ಅವಳು ಅದನ್ನು ಎಲೆಗೆ ಬಡಿಸಿ, ಸಾರು ಹಾಕಿ, ಅವನು ಕೂರುತ್ತಿದ್ದ ಕಡೆ ಇಟ್ಟು, ದೀಪ ಹಚ್ಚುವ ತನಕ ಬಾಗಿಲಲ್ಲಿ ಕೂರುತ್ತಿದ್ದಳು. ಆಮೇಲೆ ಅದೇ ಎಲೆಯಲ್ಲಿ ಉಣ್ಣುತ್ತಿದ್ದಳು. ಗಂಡ ಉಂಡ ಎಲೆ ಅಂತ. ಉಣ್ಣದ ಎಲೆ ಅಂತ ಅವಳಿಗೆ ಯಾರೂ ಹೇಳಲಿಲ್ಲ.

ಹೀಗೆ ಹನ್ನೆರಡು ಮಳೆಗಾಲ ಹೋಯಿತು ಅಂತಾರೆ. ಕೆಲವರು ಇಪ್ಪತ್ತು ಅಂತಾರೆ. ಎಣಿಸಿದವರು ಯಾರಿದ್ದಾರೆ, ಅವಳೊಬ್ಬಳನ್ನು ಬಿಟ್ಟು?

ಈಗ ಬರುತ್ತದೆ ನೋಡಿ ನಮ್ಮ ವಂಶದ ಕೀರ್ತಿ. ಈ ಕಥೆಯಲ್ಲಿ ಒಬ್ಬ ಬುದ್ಧಿವಂತ ಇದ್ದಾನೆ, ಅವನು ನಮ್ಮ ಮುತ್ತಾತ, ಗಾಡಿ ಹಲಗೇಗೌಡ. ಮೂರು ಊರಿನ ಬುದ್ಧಿಯನ್ನು ಒಬ್ಬನೇ ಹೊತ್ತುಕೊಂಡು ತಿರುಗುತ್ತಿದ್ದನಂತೆ, ಅದಕ್ಕೇ ಬೆನ್ನು ಬಾಗಿತ್ತಂತೆ. ಅವನಿಗೆ ದೇವೀರಮ್ಮ ಅಂದರೆ ಹೆತ್ತವ್ವನ ಹಾಗೆ. ಅವಳು ಬೆಳಗ್ಗೆ ಎದ್ದು ಸನ್ನೆಗೆ ಜೋತು ಬೀಳುವುದನ್ನು, ಬಿದ್ದು ಮಂಡಿ ಒಡೆದುಕೊಂಡದ್ದನ್ನು ನೋಡಿ ನೋಡಿ ಅವನಿಗೆ ತಡೆಯಲಾಗಲಿಲ್ಲ. ಗಾಡಿ ಹೊಡೆದುಕೊಂಡು ದೂರದ ಊರಿಗೆ ಹೋದಾಗ ಅಲ್ಲೊಂದು ಕಡೆ ಕಬ್ಬಿಣದ ತಿರುಪಿನ ಒರಳು ನೋಡಿಕೊಂಡು ಬಂದ. ಹಿಡಿ ತಿರುಗಿಸಿದರೆ ಸಾಕು, ಶಾವಿಗೆ ಇಳಿಯುತ್ತದೆ. ಒಬ್ಬರೇ ಮಾಡಬಹುದು. ಭಾರ ಬೇಡ, ಇನ್ನೊಬ್ಬರು ಬೇಡ.

ಬಂದವನೇ ಬೀದಿ ಕೂಡಿಸಿದ. ಅವ್ವ ನಮಗೆಲ್ಲ ಇಷ್ಟು ವರ್ಷ ಬಡಿಸಿದ್ದಾಳೆ, ಅವಳ ಮಂಡಿ ಉಳಿಸೋಣ ಅಂದ. ಎಲ್ಲರ ಕಣ್ಣಲ್ಲೂ ನೀರು ಬಂತು. ಒಬ್ಬರು ಮುರುಕು ಕುಡುಗೋಲು ಕೊಟ್ಟರು, ಒಬ್ಬರು ಸವೆದ ನೇಗಿಲ ಗುಳ, ಒಬ್ಬರು ಗಾಡಿ ಚಕ್ರದ ಪಟ್ಟಿ. ಹಳೇ ಲಾಳ, ಬಾಗಿಲ ಚಿಲಕ, ತೂತು ಬಿದ್ದ ಬಾಣಲೆ. ಮುದ್ದಾಚಾರಿ ಅದನ್ನೆಲ್ಲ ಕುಲುಮೆಗೆ ಹಾಕಿ, ಇಪ್ಪತ್ತೊಂದು ದಿನ ಬಡಿದು, ಹಲಗೇಗೌಡ ಹೇಳಿದ ಹಾಗೆ ಒಂದು ಒರಳು ಮಾಡಿದ. ಊರಿನಲ್ಲಿ ಕಬ್ಬಿಣ ಕೊಡದ ಮನೆಯೇ ಇರಲಿಲ್ಲ.

ಒಂದು ಬೆಳಗ್ಗೆ ಹೂವು ಮುಡಿಸಿ, ವಾಲಗ ಊದಿಸಿ ತಂದು ಇಟ್ಟರು. ಹಳೆಯ ಸನ್ನೆಯನ್ನು ಎಳೆದು ಹಿತ್ತಿಲಿಗೆ ಹಾಕಿದರು. ಗೋಡೆಯ ಸಂದಿಗೆ ಮಣ್ಣು ಮೆತ್ತಿದರು. ದೇವೀರಮ್ಮ ಏನಂದಾಳು? ಅದರಲ್ಲಿ ಯಾರ ಕುಡುಗೋಲು, ಯಾರ ಗುಳ ಎಲ್ಲವೂ ಅವಳಿಗೆ ಗೊತ್ತಿತ್ತು. ಬೇಡ ಅಂದರೆ ಇಡೀ ಬೀದಿಯ ಮುಖಕ್ಕೆ ಬೇಡ ಅಂದ ಹಾಗೆ. ಮೆತ್ತಿದ ಹಸಿ ಮಣ್ಣಿನ ಮೇಲೆ ಒಮ್ಮೆ ಕೈಯಾಡಿಸಿದಳು, ಒಳಗೆ ಹೋದಳು, ಹಿಡಿ ತಿರುಗಿಸಿದಳು. ಶಾವಿಗೆ ಚೆನ್ನಾಗಿಯೇ ಬಂತು. ಅದೇ ನೋಡಿ ದುಃಖ. ಕೆಟ್ಟದಾಗಿ ಬಂದಿದ್ದರೆ ಏನಾದರೂ ಹೇಳಬಹುದಿತ್ತು.

ಅದೇ ದಿನ, ಅದೇ ಮಧ್ಯಾಹ್ನ, ಕೆಂಚಣ್ಣ ಬಂದ.

ಇಷ್ಟು ವರ್ಷ ಬಿಟ್ಟು ಅವತ್ತೇ ಯಾಕೆ ಬಂದ ಅಂತ ನಾನೂ ಕೇಳಿದ್ದೇನೆ, ನಮ್ಮಪ್ಪನೂ ಕೇಳಿದ್ದಾನೆ. ಗಾಳಿ ತಿರುಗಿ ಸಾರಿನ ವಾಸನೆ ಮೂರು ಬೆಟ್ಟ ದಾಟಿ ಹೋಗಿ ಅವನನ್ನು ಎಳೆದುಕೊಂಡು ಬಂತು ಅಂತ ಕೆಲವರು ಹೇಳುತ್ತಾರೆ. ವಾಲಗದ ಸದ್ದು ಕೇಳಿ ಬಂದ ಅಂತ ಕೆಲವರು. ನಾಲ್ಕೈದು ಗಾಡಿಯವರ ಜೊತೆ ತಲೆಗೆ ವಸ್ತ್ರ ಸುತ್ತಿಕೊಂಡು ಬಂದು ಕೂತ. ಯಾರಿಗೂ ಗುರುತು ಸಿಗಲಿಲ್ಲ. ಕೆರೆ ಕೋಡಿ ಬೀಳಿಸುತ್ತಿದ್ದ ಆಳು ಒಣಗಿ ಶಾವಿಗೆ ಎಳೆಯ ಹಾಗಾಗಿದ್ದ. ಬಿಳಿ ಗಡ್ಡ. ಮಾತೂ ಇಲ್ಲ. ಮಾತಿಲ್ಲದ ಕೆಂಚಣ್ಣನನ್ನು ಯಾರು ಗುರುತು ಹಿಡಿಯುತ್ತಾರೆ?

ಅವನು ಗೋಡೆ ನೋಡುತ್ತಿದ್ದನಂತೆ. ಸನ್ನೆ ಇದ್ದ ಕಡೆ. ಪಕ್ಕದಲ್ಲಿ ಕೂತಿದ್ದವನು ಯಾರು? ನಮ್ಮ ಮುತ್ತಾತ. ಹೊಸ ಒರಳಿನ ಹೆಮ್ಮೆಯಲ್ಲಿ ನೆಲದಿಂದ ಗೇಣು ಮೇಲೆ ಕೂತಿದ್ದ.

"ಏನ್ ನೋಡ್ತಿದ್ದೀರಿ ಯಜಮಾನ್ರೇ? ಮೊದ್ಲು ಅಲ್ಲೊಬ್ರು ಕೂರ್ಬೇಕಿತ್ತು. ಈಗ ಯಾರೂ ಬ್ಯಾಡ."

"ಕಲ್ಲು ಕಟ್ಟವ್ರಾ?" ಅಂದನಂತೆ ಅವನು.

"ಕಲ್ಲೆಂತದ್ದು ಬುಡಿ, ಕಬ್ಬಿಣ! ಊರೇ ಸೇರಿ ಮಾಡ್ಸಿದ್ದೀವಿ. ಇನ್ ಅವ್ವ ಯಾರ್ ದಾರಿನೂ ಕಾಯಂಗಿಲ್ಲ."

ಈ ಮಾತು ನಮ್ಮ ಮುತ್ತಾತನದು ಅಳಿಯಂದ್ರೇ. ನಾಲ್ಕು ತಲೆಮಾರಿನಿಂದ ನಮ್ಮ ಮನೆಯಲ್ಲಿ ಇದನ್ನು ಒಬ್ಬರು ಇನ್ನೊಬ್ಬರಿಗೆ ಹೇಳಿಕೊಟ್ಟಿದ್ದೇವೆ, ಒಂದಕ್ಷರ ಬದಲಿಸಿಲ್ಲ. ಬೇರೆಲ್ಲದಕ್ಕೂ ನಾನು ಬಾಲ ಸೇರಿಸುತ್ತೇನೆ, ಇದಕ್ಕಿಲ್ಲ.

ಆ ಯಜಮಾನ ಒಳ್ಳೇದಾಯ್ತು ಅಂದನಂತೆ. ಕಿಂಡಿಯಿಂದ ಎಲೆ ಬಂತು. ದೇವೀರಮ್ಮನ ಕೈ ಮೊಣಕೈ ತನಕ ಕಂಡಿರಬೇಕು ಅವನಿಗೆ. ನಿಧಾನವಾಗಿ ಉಂಡ. ದೊನ್ನೆಯ ಸಾರನ್ನು ಒಂದು ತೊಟ್ಟೂ ಬಿಡದೆ ಕುಡಿದ. ಹಿತ್ತಿಲಿಗೆ ಹೋಗಿ ಕೈ ತೊಳೆದ. ಅಲ್ಲಿ ಬಿದ್ದಿದ್ದ ಹಳೇ ಸನ್ನೆಯ ಹತ್ತಿರ ಸ್ವಲ್ಪ ಹೊತ್ತು ನಿಂತಿದ್ದ ಅಂತ ಮುದ್ದಾಚಾರಿ ಆಮೇಲೆ ನೆನಪು ಮಾಡಿಕೊಂಡ. ಕಿಟಕಿಯಿಂದ ನೋಡಿದ್ದನಂತೆ. ಯಾರೋ ದಾರಿಹೋಕ ಅಂದುಕೊಂಡನಂತೆ. ಹಿತ್ತಿಲಿಂದ ಬಂದು ತನ್ನ ಎಲೆಯ ಮುಂದೆ ಒಮ್ಮೆ ಬಗ್ಗಿದ. ಗಾಡಿಗಳು ಹೊರಟವು. ಅವನೂ ಹೊರಟ.

ಎಲೆ ಎತ್ತಲು ದೇವೀರಮ್ಮ ಈಚೆ ಬಂದಳು. ಹತ್ತು ಹದಿನೈದು ಎಲೆ ಹರಡಿಕೊಂಡಿದ್ದವು. ಅವುಗಳ ನಡುವೆ ಒಂದು ಎಲೆ ಮಾತ್ರ ನಾಲ್ಕೂ ಕಡೆಯಿಂದ ಒಳಕ್ಕೆ ಮಡಚಿಕೊಂಡಿತ್ತು. ಮೇಲೊಂದು ಬೆಣಚುಕಲ್ಲು.

ಅವಳು ಕಲ್ಲು ತೆಗೆದಳು. ಎಲೆ ಬಿಚ್ಚಿದಳು. ಒಳಗೆ ಕತ್ತಿನ ತುಂಡು.

ಅವಳು ಓಡಿದ್ದನ್ನು ನೋಡಿದವರು ಹೇಳುತ್ತಾರೆ, ಅಂಥ ಓಟವನ್ನು ಈ ಬೀದಿ ಅದಕ್ಕೆ ಮೊದಲು ನೋಡಿಲ್ಲ, ಆಮೇಲೂ ನೋಡಿಲ್ಲ. ಒಡೆದ ಮಂಡಿ, ಬಿಚ್ಚಿದ ತಲೆಗೂದಲು, ಕೈಯಲ್ಲಿ ಸೌಟು. ಸೌಟಿನಿಂದ ಸಾರು ಸೋರಿ ಬೀದಿಯುದ್ದಕ್ಕೂ ಗೆರೆ ಬಿತ್ತಂತೆ. ಹೊಂಗೆಕಟ್ಟೆಗೆ ಬಂದು ನಿಂತಳು. ಮೂರು ದಾರಿ. ಮೂರರಲ್ಲೂ ಧೂಳು ಎದ್ದಿತ್ತು. ಮೂರರಲ್ಲೂ ಗಾಡಿ ಹೋಗಿತ್ತು. ಒಂದು ದಾರಿಯಲ್ಲಿ ಇಪ್ಪತ್ತು ಹೆಜ್ಜೆ ಹೋದಳು, ವಾಪಸ್ ಬಂದಳು. ಇನ್ನೊಂದರಲ್ಲಿ ಹೋದಳು, ಬಂದಳು. ಆಮೇಲೆ ಕಟ್ಟೆ ಹತ್ತಿ ಕೂಗಿದಳು.

"ಕಲ್ ಆಗಲ್ಲ ಕಣೋ! ಯಾವ ಕಲ್ಲೂ ಆಗಲ್ಲ!"

ಮೂರು ದಾರಿಗೂ ಮುಖ ಮಾಡಿ ಮೂರು ಸಲ ಕೂಗಿದಳಂತೆ. ಕೇಳಿಸಿತೋ ಇಲ್ಲವೋ. ಗಾಡಿಯ ಚಕ್ರದ ಸದ್ದು ಸಣ್ಣದೇನಲ್ಲ.

ಇವತ್ತಿಗೂ ಈ ಬೀದಿ ಆ ಬೆಣಚುಕಲ್ಲಿನ ವಿಷಯದಲ್ಲಿ ಎರಡು ಪಾಲಾಗಿದೆ. ತಗೋ, ನೀನು ಕೇಳಿದ ಕಲ್ಲು ಅಂತ ಇಟ್ಟು ಹೋದ ಅನ್ನುತ್ತಾರೆ ಕೆಲವರು. ಕೂತರೂ ಎದ್ದರೂ ಮರೆಯದ ಹಳೇ ಅಭ್ಯಾಸ, ಗಾಳಿಗೆ ಎಲೆ ಬಿಚ್ಚದಿರಲಿ ಅಂತ ಇಟ್ಟದ್ದು ಅನ್ನುತ್ತಾರೆ ಕೆಲವರು. ದೇವೀರಮ್ಮ ಯಾವುದನ್ನು ನಂಬಿದಳು ಅಂತ ಯಾರಿಗೂ ಹೇಳಲಿಲ್ಲ. ಸಂಜೆ ಆ ಎಲೆಯನ್ನು ಮುಂದಿಟ್ಟುಕೊಂಡು, ಅದರಲ್ಲೇ ಬಡಿಸಿಕೊಂಡು, ಕತ್ತಿನ ತುಂಡನ್ನು ಚೀಪಿ ಚೀಪಿ ಉಂಡಳಂತೆ. ಅಷ್ಟು ವರ್ಷಗಳಲ್ಲಿ ಅದೊಂದೇ ದಿನ ಅವಳು ಉಂಡದ್ದು ಅವನು ನಿಜವಾಗಿ ಉಂಡೆದ್ದ ಎಲೆಯಲ್ಲಿ.

ಬೆಳಗಾಗುವ ಹೊತ್ತಿಗೆ ಗೋಡೆಯ ಮಣ್ಣು ಕೆರೆದು ಸಂದು ಬಿಡಿಸಿದ್ದಳು. ಉಗುರಿನಲ್ಲೇ ಕೆರೆದಿದ್ದಳಂತೆ. ನಮ್ಮ ಮುತ್ತಾತ ಹಿತ್ತಿಲಿಂದ ಸನ್ನೆಯನ್ನು ಒಬ್ಬನೇ ಹೊತ್ತು ತಂದು ಸೇರಿಸಿದ. ಸೇರಿಸಿ, ತಾನೇ ಅದರ ತುದಿಯಲ್ಲಿ ಕೂತುಬಿಟ್ಟ. ಇನ್ನು ಸಾಯುವ ತನಕ ಬಂದವರಿಗೆಲ್ಲ ನಾನೇ ಒತ್ತುತ್ತೇನೆ ಅವ್ವಾ, ನನ್ನ ನಾಲಿಗೆ ಮಾಡಿದ ತಪ್ಪಿಗೆ ನನ್ನ ಮೈ ದುಡಿಯಲಿ ಅಂತ ಅತ್ತ. ದೇವೀರಮ್ಮ ಕಿಂಡಿಯಲ್ಲಿ ಬಗ್ಗಿ ನೋಡಿದಳು.

"ಏಳಪ್ಪ ಹಲಗಣ್ಣ. ಆ ಮಾತು ನಿಂದ್ ಅಲ್ಲ, ನಾನೇ ಮೊದ್ಲು ಆಡಿದ್ದು. ನಿನ್ ಬಾಯಿಗೆ ಬಂತು ಅಷ್ಟೇಯ. ಸರದಿ ಬಂದಾಗ ಕೂತ್ಕೊ, ಈಗೇಳು. ಆ ಜಾಗ ಖಾಲಿ ಇರ್ಲಿ."

ಕಬ್ಬಿಣದ ಒರಳನ್ನು ಏನು ಮಾಡುವುದು? ಊರಿನ ಕಬ್ಬಿಣ, ಎಸೆಯುವ ಹಾಗಿಲ್ಲ. ಮುದ್ದಾಚಾರಿ ಅದನ್ನು ಮತ್ತೆ ಕುಲುಮೆಗೆ ಹಾಕಿ, ಬಡಿದು, ಒಂದು ದಪ್ಪ ಹಲಗೆ ಮಾಡಿದ. ಹೊಂಗೆಕಟ್ಟೆಯ ಮರಕ್ಕೆ ಅದನ್ನು ತೂಗು ಹಾಕಿದರು. ಬಡಿದರೆ ಅದರ ಸದ್ದು ಮೂರೂ ದಾರಿಯಲ್ಲಿ ಗಾಡಿ ಚಕ್ರದ ಸದ್ದನ್ನೂ ಮೀರಿ ಹೋಗಬೇಕು ಅಂತ. ಬಡಿಯುವ ಕೆಲಸವನ್ನು ನಮ್ಮ ಮುತ್ತಾತ ಕೇಳಿ ಪಡೆದುಕೊಂಡ.

ದೇವೀರಮ್ಮ ಹೋಗಿ ಎಷ್ಟೋ ಕಾಲವಾಯಿತು. ಕೆಂಚಣ್ಣ ಬಂದನೋ ಅಂದರೆ, ಇಲ್ಲ, ಮತ್ತೆ ಬಂದವನನ್ನು ಯಾರೂ ನೋಡಲಿಲ್ಲ. ಈ ಒಲೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಬಂದಿದೆ, ನಿನ್ನೆಯ ಸೌಟು ಇವತ್ತಿನ ಮಡಕೆಗೆ ಬೀಳುವುದು ನಿಂತಿಲ್ಲ. ಬಂದವರು ಉಂಡು, ಹಿಂದಿನವರಿಗೆ ಒತ್ತಿ ಏಳುತ್ತಾರೆ. ಕತ್ತಿನ ತುಂಡು ಸಿಕ್ಕವರು ತಿನ್ನುವುದಿಲ್ಲ, ವಾಪಸ್ ಕಿಂಡಿಗೆ ಕೊಡುತ್ತಾರೆ. ಅದು ಕೊನೆಯ ಎಲೆಗೆ ಹೋಗುತ್ತದೆ. ಕೊನೆಯವರು ಒತ್ತಿದ ಶಾವಿಗೆಯನ್ನು ಬಡಿಸಿ ಇಟ್ಟ ಮೇಲೆ ಕಟ್ಟೆಯ ಮೇಲೆ ಕಬ್ಬಿಣವನ್ನು ಮೂರು ಸಲ ಬಾರಿಸುತ್ತಾರೆ, ದಾರಿಗೊಂದು. ಬಾರಿಸುವವನು ಈಗ ನಿಮ್ಮ ಚಿಕ್ಕಮಾವ. ನನ್ನ ಹಾಗೆ ಬಾರಿಸುವವನು ಏಳು ಹೋಬಳಿಯಲ್ಲಿ ಇಲ್ಲ, ಅದು ಮಾತ್ರ ಸುಳ್ಳಲ್ಲ. ಸದ್ದು ಪೂರ್ತಿ ಅಡಗುವ ತನಕ ನಾನು ಕಟ್ಟೆ ಇಳಿಯುವುದಿಲ್ಲ. ದಾರಿಯಲ್ಲಿ ಯಾರಾದರೂ ಬಡಕಲು ಮನುಷ್ಯ ಬರುತ್ತಿದ್ದರೆ, ಹೆಸರು ಊರು ಕೇಳದೆ ಕರೆದುಕೊಂಡು ಬಂದು ಆ ಎಲೆಗೆ ಕೂರಿಸುತ್ತೇನೆ. ಯಾರೂ ಬರದ ದಿನ ಒಲೆಯ ಮುಂದೆ ದುಡಿದವಳು ಆ ಎಲೆಯಲ್ಲಿ ಉಣ್ಣುತ್ತಾಳೆ.

ಇನ್ನೊಂದಿದೆ. ಈ ಬೀದಿಯ ಜಗಳ ನೀವಿನ್ನೂ ನೋಡಿಲ್ಲ. ತಾತ ಮುತ್ತಾತನನ್ನೆಲ್ಲ ಗುಂಡಿಯಿಂದ ಎಬ್ಬಿಸಿ ಬೈಯುತ್ತೇವೆ, ಕಿವಿ ಮುಚ್ಚಿಕೊಳ್ಳಬೇಕು. ಆದರೆ ನೀನಿಲ್ಲದಿದ್ದರೂ ನಡೆಯುತ್ತದೆ ಅನ್ನುವ ಮಾತನ್ನು ಗಾಡಿಬೀದಿಯಲ್ಲಿ ಗಂಡ ಹೆಂಡತಿಗೆ ಅನ್ನುವುದಿಲ್ಲ, ಹೆಂಡತಿ ಗಂಡನಿಗೆ ಅನ್ನುವುದಿಲ್ಲ, ಯಜಮಾನ ಆಳಿಗೆ ಅನ್ನುವುದಿಲ್ಲ. ನಮ್ಮ ಹುಡುಗಿ ನಿಮ್ಮ ಮನೆಗೆ ಬಂದಿದ್ದಾಳೆ. ಬೇರೆ ಏನು ಬೇಕಾದರೂ ಅಂದುಕೊಳ್ಳಿ, ಅವಳೂ ಅಂದಾಳು, ಬಾಯಿ ಇದೆ ಅವಳಿಗೆ. ಆ ಒಂದು ಮಾತು ಮಾತ್ರ ಬೇಡ.

ಅಗೋ, ಕಿಂಡಿಯಿಂದ ನಿಮ್ಮ ಎಲೆ ಬಂತು. ನೋಡಿ, ಎಳೆ ಎಷ್ಟು ಉದ್ದ ಇಳಿದಿದೆ! ಆ ಹಸಿರು ಸೀರೆಯ ಹೆಂಗಸು ಒತ್ತಿದ್ದು, ನಿಮ್ಮ ಹೆಸರೂ ಗೊತ್ತಿಲ್ಲ ಅವರಿಗೆ. ಬಿಸಿ ಇರುವಾಗಲೇ ಉಣ್ಣಿ. ದೊನ್ನೆಯಲ್ಲಿ ಒಂದು ತೊಟ್ಟೂ ಬಿಡಬೇಡಿ.

ಉಂಡಾಯಿತೇ? ಹಾಗಾದರೆ ಏಳಿ, ಹೋಗಿ ಸನ್ನೆಯ ಮೇಲೆ ಕೂತುಕೊಳ್ಳಿ. ಅರ್ಧ ಅಲ್ಲ, ಪೂರ್ತಿ ಕೂರಬೇಕು. ನಿಮ್ಮ ಹಿಂದೆ ಯಾರಿದ್ದಾರೆ ಅಂತ ತಿರುಗಿ ನೋಡಬೇಡಿ. ಉಸಿರು ಹಿಡಿಯಿರಿ.